ಡಿಸ್ಕ್ ಒಂದು, ಸರ್ವರ್ ಎರಡು: ಕ್ಲಸ್ಟರ್‌ನಲ್ಲಿ ಶೇರ್ಡ್ ವಾಲ್ಯೂಮ್ ಕಟ್ಟೋದು

ಈ ಸಲದ ವಿಷಯ ಶೇರ್ಡ್ ಡಿಸ್ಕ್. ಎರಡು ಅಥವಾ ಹೆಚ್ಚು ಸರ್ವರ್‌ಗಳು ಒಂದೇ ಸ್ಟೋರೇಜ್ ಬಾಕ್ಸ್‌ನ ಒಂದೇ ವಾಲ್ಯೂಮನ್ನು ಬಳಸೋದು ಹೇಗೆ, ಅದನ್ನು ಹೊಂದಿಸುವಾಗ ಎಲ್ಲೆಲ್ಲಿ ಎಚ್ಚರ ಬೇಕು ಅನ್ನೋದನ್ನ ನೋಡೋಣ. ಕಮಾಂಡ್‌ಗಳನ್ನೆಲ್ಲ ವಿಡಿಯೋದಲ್ಲಿ ಟೈಪ್ ಮಾಡಿ ತೋರಿಸಿದ್ದೀನಿ, ಇಲ್ಲಿ ಅವನ್ನೇ ಮತ್ತೆ ಬರೆಯೋದಿಲ್ಲ. ಪ್ರತಿ ಹೆಜ್ಜೆಯ ಹಿಂದಿರೋ ಕಾರಣವನ್ನು ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಕಮಾಂಡ್ ಮರೆತರೆ ಮ್ಯಾನುಯಲ್ ತೆಗೆದು ನೋಡಬಹುದು. ಕಾರಣ ಗೊತ್ತಿಲ್ಲ ಅಂದ್ರೆ ಮ್ಯಾನುಯಲ್‌ನಲ್ಲಿ ಏನು ಹುಡುಕಬೇಕು ಅನ್ನೋದೇ ಗೊತ್ತಾಗಲ್ಲ.

ನಾನಿರೋದು ಚೆನ್ನೈನ ಅಂಬತ್ತೂರಿನಲ್ಲಿ. ಬೆಂಗಳೂರಿನವರಿಗೆ ಹೇಳೋದಾದರೆ ಪೀಣ್ಯ ಇದ್ದ ಹಾಗೆ. 1964ರಲ್ಲಿ ಶುರುವಾದ ಕೈಗಾರಿಕಾ ಎಸ್ಟೇಟ್, ಲೇತ್, ಪ್ರೆಸ್, ವಾಹನದ ಬಿಡಿಭಾಗ ಮಾಡೋ ಸಣ್ಣ ಸಣ್ಣ ಯೂನಿಟ್‌ಗಳು. ಅದೇ ಊರಲ್ಲಿ ಈಗ ದೊಡ್ಡ ದೊಡ್ಡ ಡೇಟಾ ಸೆಂಟರ್‌ಗಳೂ ಬಂದಿವೆ. ಎನ್‌ಟಿಟಿ ಕಂಪನಿ 2023ರಲ್ಲಿ ತನ್ನ ‘ಚೆನ್ನೈ 2’ ಡೇಟಾ ಸೆಂಟರನ್ನು ಇಲ್ಲೇ ತೆರೆಯಿತು. ಶೇರ್ಡ್ ಡಿಸ್ಕ್ ಈ ಎರಡೂ ಲೋಕಕ್ಕೂ ಬೇಕು. ಆದರೆ ಡೇಟಾ ಸೆಂಟರ್‌ನಲ್ಲಿ ಅದಕ್ಕೆ ಅಂತಲೇ ಒಂದು ತಂಡ ಇರುತ್ತೆ. ಸಣ್ಣ ಯೂನಿಟ್‌ನಲ್ಲಿ ಎರಡು ಸರ್ವರ್, ಒಂದು ಸ್ಟೋರೇಜ್ ಬಾಕ್ಸ್, ಒಂದು ಯುಪಿಎಸ್, ಪ್ರಿಂಟರ್‌ನಿಂದ ಹಿಡಿದು ಡೇಟಾಬೇಸ್ ತನಕ ಎಲ್ಲವನ್ನೂ ನೋಡ್ಕೊಳ್ಳೋ ಒಬ್ಬನೇ ಮನುಷ್ಯ. ಈ ಬರಹ ಮುಖ್ಯವಾಗಿ ಆ ಒಬ್ಬನಿಗೆ.

ಅಂಥ ಒಂದು ಯೂನಿಟ್ ಅಂತ ಇಟ್ಟುಕೊಳ್ಳಿ. ಆರ್ಡರ್, ಸ್ಟಾಕ್, ಬಿಲ್ಲು, ಜಿಎಸ್‌ಟಿ ಎಲ್ಲ ಒಂದು ಡೇಟಾಬೇಸ್‌ನಲ್ಲಿದೆ. ಸರ್ವರ್‌ನ ಮದರ್‌ಬೋರ್ಡ್ ಕೆಟ್ಟರೆ ಡೇಟಾ ಅದರೊಳಗಿನ ಡಿಸ್ಕ್‌ನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆ ಡಿಸ್ಕನ್ನು ಹೊರಗಿಟ್ಟು, ಎರಡು ಸರ್ವರ್‌ಗೂ ದಾರಿ ಕೊಡೋಣ, ಒಂದು ಬಿದ್ದರೆ ಇನ್ನೊಂದು ಎತ್ತಿಕೊಳ್ಳಲಿ ಅನ್ನೋದು ಲೆಕ್ಕಾಚಾರ. ಸರಿಯಾದ ಲೆಕ್ಕಾಚಾರವೇ. ತೊಂದರೆ ಶುರುವಾಗೋದು ಸಂಪರ್ಕ ಕೊಟ್ಟಾದ ಮೇಲೆ. ಎರಡೂ ಸರ್ವರ್‌ನಲ್ಲಿ ಡಿಸ್ಕ್ ಕಾಣಿಸುತ್ತೆ. ಎರಡರಲ್ಲೂ ಮೌಂಟ್ ಕೂಡ ಆಗುತ್ತೆ, ಯಾವ ಎರರ್ ಕೂಡ ಬರೋದಿಲ್ಲ. ‘ಮುಗೀತಲ್ಲ?’ ಅನ್ನಿಸುತ್ತೆ.

ಮುಗಿದಿಲ್ಲ. ಡೇಟಾ ಹಾಳಾಗೋದು ಶುರುವಾಗೋದೇ ಇಲ್ಲಿಂದ.

ಒಂದು ಮಂಡಿ, ಅದಕ್ಕೆ ಒಂದೇ ಲೆಕ್ಕದ ಪುಸ್ತಕ, ಇಬ್ಬರು ಗುಮಾಸ್ತರು. ಪ್ರತಿ ಸಲ ಪುಸ್ತಕ ತೆರೆಯೋದು ನಿಧಾನ ಅಂತ ಇಬ್ಬರೂ ಬೇಕಾದ ಪುಟಗಳನ್ನು ತಮ್ಮ ತಮ್ಮ ಹಾಳೆಗೆ ಬರ್ಕೊಂಡು ಕೂತಿದ್ದಾರೆ. 40ನೇ ಪುಟ ಖಾಲಿ ಅಂತ ಇಬ್ಬರ ಹಾಳೆಯಲ್ಲೂ ಇದೆ. ಒಬ್ಬ ಅಲ್ಲಿ ತಿಪಟೂರಿನ ಕೊಬ್ಬರಿ ಲೆಕ್ಕ ಬರೆದ. ಇನ್ನೊಬ್ಬನ ಹಾಳೆಯಲ್ಲಿ ಅದು ಇನ್ನೂ ಖಾಲಿ, ಅವನು ಅದರ ಮೇಲೇ ಬೆಲ್ಲದ ಲೆಕ್ಕ ಬರೆದ. ಇಬ್ಬರೂ ನಿಯತ್ತಿನ ಮನುಷ್ಯರೇ, ತಮ್ಮ ಕೆಲಸ ಸರಿಯಾಗಿ ಮಾಡಿದ್ದಾರೆ. ಆದರೂ ಪುಸ್ತಕ ಕೆಟ್ಟಿತು.

ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಎನ್‌ಟಿಎಫ್‌ಎಸ್ ಮುಂತಾದ ಮಾಮೂಲಿ ಫೈಲ್ ಸಿಸ್ಟಮ್‌ಗಳು ಮಾಡೋದು ಇದನ್ನೇ. ಯಾವ ಬ್ಲಾಕ್ ಖಾಲಿ, ಯಾವ ಫೈಲ್ ಎಲ್ಲಿದೆ ಅನ್ನೋ ಮಾಹಿತಿಯನ್ನು ಪ್ರತಿ ಸರ್ವರ್ ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಈ ಡಿಸ್ಕ್ ನನ್ನೊಬ್ಬನದೇ ಅಂತ ನಂಬಿಕೊಂಡೇ ಅವು ಬರೆಯಲ್ಪಟ್ಟಿವೆ. ಪಕ್ಕದ ಸರ್ವರ್ ಅದೇ ಬ್ಲಾಕ್ ಬದಲಾಯಿಸಿದ್ದು ಇದಕ್ಕೆ ತಿಳಿಯೋ ದಾರಿಯೇ ಇಲ್ಲ. ಭಯ ಪಡಬೇಕಾದ್ದು ಏನಂದ್ರೆ, ಇದು ಕೂಡಲೇ ಗೊತ್ತಾಗಲ್ಲ. ಮೂರು ವಾರ ಎಲ್ಲ ಚೆನ್ನಾಗಿಯೇ ನಡೆಯುತ್ತೆ. ತಿಂಗಳ ಕೊನೆಗೆ ಹಳೆಯ ಬಿಲ್ಲು ತೆರೆದಾಗ ಒಳಗೆ ಇನ್ಯಾವುದೋ ಫೈಲಿನ ತುಂಡು. ಅಷ್ಟರಲ್ಲಿ ಬ್ಯಾಕಪ್‌ಗಳಿಗೂ ಅದೇ ಕೆಟ್ಟ ಪ್ರತಿ ಹೋಗಿಯಾಗಿರುತ್ತೆ.

‘ಎರಡನೇ ಸರ್ವರ್‌ನಲ್ಲಿ ರೀಡ್ ಓನ್ಲಿ ಮೌಂಟ್ ಮಾಡಿದ್ರೆ?’ ಅಂತ ಕೇಳೋರಿದ್ದಾರೆ. ಅದೂ ಬೇಡ. ಇಎಕ್ಸ್‌ಟಿ4 ಅನ್ನು ರೀಡ್ ಓನ್ಲಿ ಅಂತ ಮೌಂಟ್ ಮಾಡಿದರೂ, ಜರ್ನಲ್‌ನಲ್ಲಿ ಬಾಕಿ ಇರೋ ಬರಹ ಕಂಡರೆ ಅದನ್ನು ಡಿಸ್ಕ್‌ಗೆ ಬರೆದೇ ಬಿಡುತ್ತದೆ. ಓದೋಕೆ ಅಂತ ಬಂದವನು ಪುಸ್ತಕ ತಿದ್ದಿ ಹೋದ ಹಾಗೆ.

ಈ ಸಮಸ್ಯೆ ಹೊಸದಲ್ಲ. ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ 1983ರಲ್ಲೇ ವ್ಯಾಕ್ಸ್‌ಕ್ಲಸ್ಟರ್ ಅಂತ ತಂದಿತು. ಹಲವು ಯಂತ್ರಗಳು, ಹಂಚಿಕೊಂಡ ಡಿಸ್ಕ್, ನಡುವೆ ಯಾರ ಸರದಿ ಅಂತ ತೀರ್ಮಾನಿಸೋ ಲಾಕ್ ಮ್ಯಾನೇಜರ್. ನಾವು ಇವತ್ತು ಬಳಸೋ ‘ಕೋರಮ್’ ಅನ್ನೋ ಮಾತು ಅಲ್ಲೂ ಇತ್ತು. ನಲವತ್ತು ವರ್ಷದಲ್ಲಿ ಕೇಬಲ್ ಬದಲಾಗಿದೆ, ವೇಗ ಬದಲಾಗಿದೆ. ಈಗ ಯಾರು ಬರೀಬಹುದು ಅನ್ನೋ ಪ್ರಶ್ನೆ ಮಾತ್ರ ಹಾಗೇ ಇದೆ. ಕುಬರ್ನೆಟೀಸ್‌ನಲ್ಲಿ ‘ರೀಡ್‌ರೈಟ್‌ಒನ್ಸ್’, ‘ರೀಡ್‌ರೈಟ್‌ಮೆನಿ’ ಅಂತ ಆಯ್ಕೆ ಕೇಳುತ್ತಲ್ಲ, ಅದೂ ಇದೇ ಪ್ರಶ್ನೆ. ಅಲ್ಲಿ ‘ಒನ್ಸ್’ ಅಂದ್ರೆ ಒಂದು ನೋಡ್ ಅಂತ, ಒಂದು ಪಾಡ್ ಅಂತಲ್ಲ. ಇಂಟರ್‌ವ್ಯೂನಲ್ಲಿ ಕೇಳಬಹುದು, ನೆನಪಿರಲಿ.

ಸರಿ, ಈಗ ಕಟ್ಟೋಣ. ಕೆಳಗಿನಿಂದ ಮೇಲಕ್ಕೆ.

ಸ್ಟೋರೇಜ್ ಬಾಕ್ಸ್‌ನಲ್ಲಿ ಹತ್ತಾರು ಡಿಸ್ಕ್ ಸೇರಿಸಿ ರೇಡ್ ಮಾಡಿ, ಅದರಿಂದ ಒಂದು ತುಂಡು ಕತ್ತರಿಸಿ ಸರ್ವರ್‌ಗೆ ಕೊಡ್ತೀವಿ. ಆ ತುಂಡಿಗೆ ‘ಲನ್’ ಅಂತ ಹೆಸರು. ಫೈಬರ್ ಚಾನೆಲ್ ಆದರೆ ಸರ್ವರ್‌ನ ಕಾರ್ಡಿನ ಪ್ರತಿ ಪೋರ್ಟ್‌ಗೂ ಒಂದು ವಿಶಿಷ್ಟ ಸಂಖ್ಯೆ ಇರುತ್ತೆ, ಅದನ್ನು ಸ್ವಿಚ್‌ನಲ್ಲಿ ಝೋನ್ ಮಾಡಬೇಕು. ಐಸ್ಕಸಿ ಆದರೆ ಮಾಮೂಲಿ ಈಥರ್ನೆಟ್ ಸಾಕು, ಪೋರ್ಟ್ 3260. ಸಣ್ಣ ಜಾಗಕ್ಕೆ ಐಸ್ಕಸಿ ಧಾರಾಳವಾಗಿ ಸಾಕು ಅನ್ನೋದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಬೇರೆಯೇ ಸ್ವಿಚ್ ಕೊಡಿ, ಸಾಧ್ಯವಾದರೆ ಎರಡು. ಆಫೀಸಿನ ಸಿಸಿಟಿವಿ, ಪ್ರಿಂಟರ್ ಓಡೋ ಸ್ವಿಚ್‌ನಲ್ಲೇ ಡಿಸ್ಕ್ ಓಡಿಸಿದರೆ ಯಾರೋ ಒಬ್ಬರು ಕೇಬಲ್ ಲೂಪ್ ಮಾಡಿದ ದಿನ ಡೇಟಾಬೇಸೂ ನಿಂತುಹೋಗುತ್ತೆ. ಲನ್ ಮ್ಯಾಪ್ ಮಾಡುವಾಗ ಎರಡೂ ಸರ್ವರನ್ನು ಒಂದೇ ಹೋಸ್ಟ್ ಗ್ರೂಪ್‌ಗೆ ಹಾಕಿ, ಎರಡಕ್ಕೂ ಅದೇ ಲನ್ ನಂಬರ್ ಬರೋ ಹಾಗೆ ನೋಡ್ಕೊಳ್ಳಿ. ಬೇರೆ ಯಾವ ಸರ್ವರ್‌ಗೂ ಅದು ಕಾಣಿಸಬಾರದು. ಹೊಸ ಸರ್ವರ್ ಇನ್‌ಸ್ಟಾಲ್ ಮಾಡುವಾಗ ಪಟ್ಟಿಯಲ್ಲಿ ಈ ಡಿಸ್ಕ್ ಕಂಡು ಯಾರಾದರೂ ಫಾರ್ಮ್ಯಾಟ್ ಒತ್ತಿದರೆ ಕಥೆ ಅಲ್ಲಿಗೇ ಮುಗಿಯಿತು.

ಆಮೇಲೆ ಮಲ್ಟಿಪಾತ್. ಸರ್ವರ್‌ನಿಂದ ಎರಡು ಪೋರ್ಟ್, ಸ್ಟೋರೇಜ್‌ನಲ್ಲಿ ಎರಡು ಕಂಟ್ರೋಲರ್, ಒಟ್ಟು ನಾಲ್ಕು ದಾರಿ. ಲಿನಕ್ಸ್‌ಗೆ ಇದು ನಾಲ್ಕು ಬೇರೆ ಬೇರೆ ಡಿಸ್ಕ್ ಥರ ಕಾಣುತ್ತೆ. ನಾಲ್ಕೂ ಒಂದೇ ಅಂತ ಡಿಸ್ಕ್‌ನ ವಿಶಿಷ್ಟ ಗುರುತಿನಿಂದ ಪತ್ತೆ ಹಚ್ಚಿ ಒಂದೇ ಹೆಸರಿನಡಿ ತರೋದು ಮಲ್ಟಿಪಾತ್ ಕೆಲಸ. ಮುಂದಿನ ಎಲ್ಲ ಹೆಜ್ಜೆಯಲ್ಲೂ ಆ ಹೆಸರನ್ನೇ ಬಳಸಿ. ‘ಎಸ್‌ಡಿಬಿ’, ‘ಎಸ್‌ಡಿಸಿ’ ಅನ್ನೋ ಹೆಸರುಗಳನ್ನು ನಂಬಬೇಡಿ, ರೀಬೂಟ್ ಆದಾಗ ಅದಲು ಬದಲಾಗುತ್ತವೆ.

ಇಲ್ಲಿ ಒಂದು ಸೆಟ್ಟಿಂಗ್ ಬಗ್ಗೆ ಸ್ವಲ್ಪ ನಿಲ್ಲಬೇಕು. ನಾಲ್ಕೂ ದಾರಿ ಹೋದರೆ ಏನು ಮಾಡಬೇಕು? ‘ಕ್ಯೂ’ ಅಂತ ಇಟ್ಟರೆ ದಾರಿ ವಾಪಸ್ ಬರೋತನಕ ಸರ್ವರ್ ಬರಹಗಳನ್ನು ಹಿಡಿದುಕೊಂಡು ಕಾಯುತ್ತೆ. ಒಂಟಿ ಸರ್ವರ್‌ಗೆ ಇದು ಒಳ್ಳೇದು. ಕ್ಲಸ್ಟರ್‌ಗೆ ಕೆಟ್ಟದ್ದು, ಯಾಕಂದ್ರೆ ಎರರ್ ಬರದೇ ಇದ್ರೆ ಡಿಸ್ಕ್ ಹೋಗಿದೆ ಅಂತ ಕ್ಲಸ್ಟರ್‌ಗೆ ಬೇಗ ಗೊತ್ತಾಗೋದೇ ಇಲ್ಲ, ಪಕ್ಕದ ಸರ್ವರ್‌ಗೆ ಕೆಲಸ ವರ್ಗಾಯಿಸೋದೂ ಇಲ್ಲ. ಇಂತಿಷ್ಟು ಸಲ ಪ್ರಯತ್ನಿಸಿ ಆಮೇಲೆ ಎರರ್ ಕೊಡು ಅಂತ ಮಿತಿ ಹಾಕಿ. ಐಸ್ಕಸಿಯಲ್ಲಿ ಸಂಪರ್ಕ ಕಡಿದಾಗ ಕಾಯೋ ಸಮಯ ತಾನಾಗೇ 120 ಸೆಕೆಂಡ್ ಇರುತ್ತೆ. ಮಲ್ಟಿಪಾತ್ ಇದ್ದರೆ ಅದನ್ನು 5 ಸೆಕೆಂಡ್ ಆಸುಪಾಸಿಗೆ ಇಳಿಸಿ. ಇಲ್ಲದಿದ್ರೆ ಪಕ್ಕದ ದಾರಿ ಖಾಲಿ ಇದ್ದರೂ ಎರಡು ನಿಮಿಷ ಎಲ್ಲ ಸ್ತಬ್ಧ.

ಈಗ ಫೈಲ್ ಸಿಸ್ಟಮ್. ಎರಡು ದಾರಿ ಇವೆ. ಮೊದಲನೆಯದು ಸರದಿಯ ಪದ್ಧತಿ: ಡಿಸ್ಕ್ ಎರಡೂ ಸರ್ವರ್‌ಗೆ ತಲುಪುತ್ತೆ, ಆದರೆ ಒಂದು ಹೊತ್ತಿಗೆ ಒಂದೇ ಸರ್ವರ್ ಮೌಂಟ್ ಮಾಡುತ್ತೆ. ಇದಕ್ಕೆ ಮಾಮೂಲಿ ಎಕ್ಸ್‌ಎಫ್‌ಎಸ್ ಸಾಕು. ಎರಡನೆಯದು ಎರಡೂ ಸರ್ವರ್ ಒಟ್ಟಿಗೇ ಮೌಂಟ್ ಮಾಡೋದು. ಇದಕ್ಕೆ ಜಿಎಫ್‌ಎಸ್2, ಒಸಿಎಫ್‌ಎಸ್2 ಥರದ ಕ್ಲಸ್ಟರ್ ಫೈಲ್ ಸಿಸ್ಟಮ್‌ಗಳೇ ಬೇಕು. ಅವುಗಳಲ್ಲಿ ಪ್ರತಿ ನೋಡ್‌ಗೂ ಬೇರೆ ಬೇರೆ ಜರ್ನಲ್ ಇರುತ್ತೆ, ಬರೆಯೋ ಮುಂಚೆ ಲಾಕ್ ಮ್ಯಾನೇಜರ್ ಹತ್ತಿರ ಅನುಮತಿ ತಗೋಬೇಕು. ಗುಮಾಸ್ತರು ಪ್ರತಿ ಪುಟಕ್ಕೂ ‘ನಾನು ಬರೀತಾ ಇದೀನಿ, ನಿನ್ನ ಹಾಳೆ ಹರಿದುಹಾಕು’ ಅಂತ ಹೇಳಿಕೊಳ್ಳೋ ಹಾಗೆ. ಸುರಕ್ಷಿತ, ಆದರೆ ಆ ಮಾತುಕತೆಗೆ ಸಮಯ ಹೋಗುತ್ತೆ. ಒಂದೇ ಡೈರೆಕ್ಟರಿಯಲ್ಲಿ ಎರಡೂ ಸರ್ವರ್ ಸಾವಿರಾರು ಸಣ್ಣ ಫೈಲ್ ಸೃಷ್ಟಿಸೋ ಕೆಲಸವಾದರೆ ನಿಧಾನ ಎದ್ದು ಕಾಣುತ್ತೆ.

ವಿಂಡೋಸ್‌ನವರದ್ದು ಮೂರನೇ ಥರ. ‘ಕ್ಲಸ್ಟರ್ ಶೇರ್ಡ್ ವಾಲ್ಯೂಮ್’, ವಿಂಡೋಸ್ ಸರ್ವರ್ 2008 ಆರ್2ರಲ್ಲಿ ಹೈಪರ್-ವಿಗಾಗಿ ಬಂದದ್ದು. ಇಲ್ಲಿ ಒಂದು ನೋಡ್ ಯಜಮಾನ. ಫೈಲ್ ಸೃಷ್ಟಿ, ಹೆಸರು ಬದಲಾವಣೆ ಥರದ ಕೆಲಸ ಅದರ ಮೂಲಕವೇ ಆಗಬೇಕು, ಆದರೆ ಫೈಲ್ ಒಳಗಿನ ಡೇಟಾವನ್ನು ಎಲ್ಲ ನೋಡ್‌ಗಳೂ ನೇರವಾಗಿ ಡಿಸ್ಕ್‌ಗೆ ಬರೀಬಹುದು. ಒಂದು ನೋಡ್‌ಗೆ ಡಿಸ್ಕ್ ದಾರಿ ತಪ್ಪಿದರೆ ಅದರ ಬರಹ ನೆಟ್‌ವರ್ಕ್ ಮೂಲಕ ಬೇರೆ ನೋಡ್‌ಗೆ ಹೋಗಿ ಅಲ್ಲಿಂದ ಡಿಸ್ಕ್ ಸೇರುತ್ತೆ. ಕೆಲಸ ನಿಲ್ಲಲ್ಲ, ನಿಧಾನ ಆಗುತ್ತೆ. ಸ್ಟೋರೇಜ್ ಬಾಕ್ಸ್‌ನ ಲನ್ ಆಗಿದ್ದರೆ ಎನ್‌ಟಿಎಫ್‌ಎಸ್ ಆರಿಸಿ. ಹೊಸದು ಅಂತ ರೆಫ್ಸ್ ಹಾಕಿದರೆ ಎಲ್ಲ ಬರಹವೂ ಯಾವಾಗಲೂ ಆ ಸುತ್ತುದಾರಿಯಲ್ಲೇ ಹೋಗುತ್ತೆ.

ಯಾವುದು ಬೇಕು? ಒಂದು ಡೇಟಾಬೇಸ್ ಓಡಿಸೋ ಎರಡು ಸರ್ವರ್‌ನ ಯೂನಿಟ್‌ಗೆ ಸರದಿಯ ಪದ್ಧತಿಯೇ ಸರಿ, ಕಣ್ಣು ಮುಚ್ಚಿ ಆರಿಸಿ. ಕ್ಲಸ್ಟರ್ ಫೈಲ್ ಸಿಸ್ಟಮ್ ಹಾಕಿಬಿಟ್ಟರೆ ಎರಡೂ ಕಡೆ ಪೋಸ್ಟ್‌ಗ್ರೆಸ್ ಓಡಿಸಬಹುದು ಅಂದುಕೊಂಡವರು ತುಂಬ ಜನ. ಆಗಲ್ಲ. ಫೈಲ್ ಸಿಸ್ಟಮ್ ತನ್ನ ಲೆಕ್ಕವನ್ನು ಕಾಯುತ್ತೆ, ಡೇಟಾಬೇಸ್‌ನ ಲೆಕ್ಕವನ್ನಲ್ಲ. ಪೋಸ್ಟ್‌ಗ್ರೆಸ್‌ಗೂ ತನ್ನದೇ ಮೆಮೊರಿ ಹಾಳೆ ಇದೆ. ಎರಡು ಇನ್‌ಸ್ಟನ್ಸ್ ಒಂದೇ ಡೇಟಾ ಡೈರೆಕ್ಟರಿ ಮೇಲೆ ಕೂತರೆ ಗುಮಾಸ್ತರ ಕಥೆ ಒಂದು ಮಹಡಿ ಮೇಲೆ ಮತ್ತೆ ನಡೆಯುತ್ತೆ. ಒರಾಕಲ್ ರ‍್ಯಾಕ್ ಥರ ಅದಕ್ಕೆಂದೇ ಕಟ್ಟಿದ ಡೇಟಾಬೇಸ್ ಬೇರೆ ಮಾತು.

ಸರದಿ ಪದ್ಧತಿಯಲ್ಲಿ ಇನ್ನೊಂದು ಎಚ್ಚರ. ಈ ಡಿಸ್ಕನ್ನು ‘ಎಫ್‌ಎಸ್‌ಟ್ಯಾಬ್’ಗೆ ಹಾಕಬೇಡಿ, ವಾಲ್ಯೂಮ್ ಗ್ರೂಪ್ ಬೂಟ್ ಆಗುವಾಗ ತಾನಾಗೇ ಆಕ್ಟಿವೇಟ್ ಆಗೋದನ್ನೂ ನಿಲ್ಲಿಸಿ. ಮೌಂಟ್ ಮಾಡೋ ಹಕ್ಕು ಪೇಸ್‌ಮೇಕರ್ ಥರದ ಕ್ಲಸ್ಟರ್ ಸಾಫ್ಟ್‌ವೇರ್‌ಗೆ ಮಾತ್ರ ಇರಲಿ. ಅದು ಮೊದಲು ವಾಲ್ಯೂಮ್ ಗ್ರೂಪ್, ಆಮೇಲೆ ಫೈಲ್ ಸಿಸ್ಟಮ್, ಆಮೇಲೆ ಐಪಿ ವಿಳಾಸ, ಡೇಟಾಬೇಸ್ ಅಂತ ಕ್ರಮವಾಗಿ ಎತ್ತುತ್ತೆ, ಇಳಿಸುವಾಗ ತಿರುಗುಮುರುಗು.

ಈಗ ಇಡೀ ವಿಷಯದ ಗಂಟಿಗೆ ಬಂದ್ವಿ. ಎರಡು ಸರ್ವರ್‌ಗಳು ಪರಸ್ಪರ ‘ಇದೀನಿ, ಇದೀನಿ’ ಅಂತ ಸೆಕೆಂಡಿಗೆ ಹಲವು ಸಲ ನೆಟ್‌ವರ್ಕ್‌ನಲ್ಲಿ ಹೇಳ್ತಾ ಇರುತ್ತವೆ. ಅದಕ್ಕೆ ಹಾರ್ಟ್‌ಬೀಟ್ ಅಂತಾರೆ. ಒಂದು ಸಲ ಎರಡನೇ ಸರ್ವರ್‌ಗೆ ಮೊದಲನೆಯದರ ದನಿ ಕೇಳಿಸೋದು ನಿಂತಿತು. ಮೊದಲನೆಯದು ಸತ್ತಿದೆಯಾ, ಅಥವಾ ನಡುವಿನ ಕೇಬಲ್ ಮಾತ್ರ ಕಡಿದಿದೆಯಾ? ಈ ಕಡೆಯಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ, ಮೌನ ಮೌನವೇ. ಸತ್ತಿದೆ ಅಂದುಕೊಂಡು ಡಿಸ್ಕ್ ಮೌಂಟ್ ಮಾಡಿದರೆ, ಆ ಕಡೆಯದು ಬದುಕಿದ್ದರೆ, ಒಂದೇ ಪುಸ್ತಕಕ್ಕೆ ಮತ್ತೆ ಇಬ್ಬರು ಗುಮಾಸ್ತರು. ಇದಕ್ಕೆ ಸ್ಪ್ಲಿಟ್ ಬ್ರೇನ್ ಅಂತ ಹೆಸರು.

ಸಿಂಗಲ್ ಲೈನ್ ರೈಲು ಮಾರ್ಗದಲ್ಲಿ ಓಡಾಡಿದವರು ಟೋಕನ್ ಪದ್ಧತಿ ನೋಡಿರಬಹುದು. ಎರಡು ಸ್ಟೇಷನ್ ನಡುವೆ ಒಂದೇ ಹಳಿ. ಸ್ಟೇಷನ್ ಮಾಸ್ಟರ್ ಕೊಡೋ ಲೋಹದ ಗುಂಡು ಡ್ರೈವರ್ ಕೈಗೆ ಬರದೆ ರೈಲು ಆ ತುಂಡಿಗೆ ಇಳಿಯುವಂತಿಲ್ಲ. ಎರಡೂ ಸ್ಟೇಷನ್‌ನ ಯಂತ್ರಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ, ಒಂದು ಗುಂಡು ಹೊರಗೆ ಬಂದ ಮೇಲೆ ಇನ್ನೊಂದು ಬರೋದಿಲ್ಲ. ಗುಂಡು ತಗೊಂಡು ಹೋದ ರೈಲು ಆ ಕಡೆ ಬರಲೇ ಇಲ್ಲ ಅಂತಿಟ್ಟುಕೊಳ್ಳಿ. ತುಂಬ ಹೊತ್ತಾಯ್ತು, ಬಹುಶಃ ಹಳಿ ಖಾಲಿ ಇರಬೇಕು ಅಂತ ಯಾವ ಸ್ಟೇಷನ್ ಮಾಸ್ಟರೂ ಇನ್ನೊಂದು ರೈಲು ಬಿಡೋದಿಲ್ಲ. ಹಳಿ ಖಾಲಿ ಇದೆ ಅಂತ ಖಾತ್ರಿ ಆಗಬೇಕು. ಕ್ಲಸ್ಟರ್‌ನಲ್ಲಿ ಆ ಖಾತ್ರಿಗೆ ಫೆನ್ಸಿಂಗ್ ಅಂತಾರೆ.

ಲಿನಕ್ಸ್‌ನವರು ಇದಕ್ಕೆ ಸ್ಟೋನಿತ್ ಅಂತಲೂ ಹೇಳ್ತಾರೆ. ‘ಇನ್ನೊಂದು ನೋಡ್‌ನ ತಲೆಗೆ ಗುಂಡಿಕ್ಕು’ ಅನ್ನೋ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಕೇಳೋಕೆ ಒರಟು, ಆದರೆ ಕೆಲಸ ಅಷ್ಟೇ: ಸಂಶಯ ಬಂದ ನೋಡನ್ನು ಮೊದಲು ಆಫ್ ಮಾಡು, ಆಫ್ ಆಯ್ತು ಅಂತ ಉತ್ತರ ಬಂದ ಮೇಲೆ ಡಿಸ್ಕ್ ಮುಟ್ಟು. ಬದುಕಿದ್ದರೂ ಆಫ್ ಮಾಡಬೇಕಾ? ಹೌದು. ಕೆಲವು ಸಲ ಸರ್ವರ್ ಸತ್ತಿರೋದಿಲ್ಲ, ಹೆಪ್ಪುಗಟ್ಟಿರುತ್ತೆ. ಅರ್ಧ ನಿಮಿಷ ಕಳೆದು ಎಚ್ಚರವಾಗಿ, ಏನೂ ಆಗಿಲ್ಲ ಅನ್ನೋ ಹಾಗೆ ಕೈಯಲ್ಲಿದ್ದ ಹಳೇ ಬರಹವನ್ನು ಡಿಸ್ಕ್‌ಗೆ ಬರೆದುಬಿಡುತ್ತೆ. ಅಷ್ಟರಲ್ಲಿ ಡಿಸ್ಕ್ ಬೇರೆಯವರ ಕೈಯಲ್ಲಿರುತ್ತೆ.

ಆಫ್ ಮಾಡೋಕೆ ಮುಖ್ಯವಾಗಿ ಎರಡು ವಿಧಾನ. ಒಂದು, ಸರ್ವರ್‌ನೊಳಗಿನ ಮ್ಯಾನೇಜ್‌ಮೆಂಟ್ ಚಿಪ್‌ಗೆ (ಐಲೋ, ಐಡ್ರ್ಯಾಕ್ ಅಂತೆಲ್ಲ ಹೆಸರಿರುತ್ತೆ) ನೆಟ್‌ವರ್ಕ್ ಮೂಲಕ ಹೇಳಿ ಪವರ್ ತೆಗೆಯೋದು. ಇನ್ನೊಂದು, ಸ್ಟೋರೇಜ್‌ಗೇ ಹೇಳೋದು. ಸ್ಕಸಿ-3 ಪರ್ಸಿಸ್ಟೆಂಟ್ ರಿಸರ್ವೇಶನ್ ಅನ್ನೋ ವ್ಯವಸ್ಥೆಯಲ್ಲಿ ಪ್ರತಿ ನೋಡ್ ಡಿಸ್ಕ್ ಹತ್ತಿರ ಒಂದು ಕೀಲಿ ನೋಂದಾಯಿಸುತ್ತೆ, ನೋಂದಾಯಿಸಿದವರು ಮಾತ್ರ ಬರೀಬಹುದು. ಉಳಿದ ನೋಡ್ ಹೋಗಿ ಆ ಕಡೆಯವನ ಕೀಲಿ ಕಿತ್ತುಹಾಕುತ್ತೆ. ಆಮೇಲೆ ಅವನು ಎದ್ದು ಬಂದು ಏನು ಬರೆದರೂ ಸ್ಟೋರೇಜ್ ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ವಿಂಡೋಸ್ ಫೇಲ್‌ಓವರ್ ಕ್ಲಸ್ಟರ್ ನಿಂತಿರೋದೂ ಇದರ ಮೇಲೆಯೇ. ಅದಕ್ಕೇ ಅದರ ವ್ಯಾಲಿಡೇಶನ್ ಟೆಸ್ಟ್‌ನಲ್ಲಿ ಈ ರಿಸರ್ವೇಶನ್ ಪರೀಕ್ಷೆ ಇರುತ್ತೆ, ಅದು ಫೇಲ್ ಆದರೆ ‘ನೋಡೋಣ ಬಿಡಿ’ ಅಂತ ಮುಂದಕ್ಕೆ ಹೋಗಬೇಡಿ.

ಮೊದಲ ವಿಧಾನದಲ್ಲಿ ಒಂದು ಕೊಂಕು ಇದೆ, ನಮ್ಮ ಊರುಗಳಲ್ಲಿ ಬಹಳ ಮುಖ್ಯ. ಆ ಮ್ಯಾನೇಜ್‌ಮೆಂಟ್ ಚಿಪ್‌ಗೆ ಕರೆಂಟ್ ಬರೋದು ಅದೇ ಸರ್ವರ್‌ನಿಂದ. ಸರ್ವರ್‌ನ ವೈರೇ ಕಿತ್ತುಹೋದರೆ ಚಿಪ್ಪೂ ಸತ್ತಿರುತ್ತೆ, ‘ಆಫ್ ಆಯ್ತು’ ಅನ್ನೋ ಉತ್ತರ ಬರೋದೇ ಇಲ್ಲ. ಸರ್ವರ್ ನಿಜವಾಗಿ ಸತ್ತಿದ್ದರೂ ಕ್ಲಸ್ಟರ್‌ಗೆ ಖಾತ್ರಿ ಇಲ್ಲ, ಹಾಗಾಗಿ ಎರಡನೆಯದು ಏನೂ ಮಾಡದೆ ಕೂರುತ್ತೆ. ಅದು ಸರಿಯಾದ ನಡತೆಯೇ, ಆದರೆ ಯೂನಿಟ್‌ನಲ್ಲಿ ಕೆಲಸ ನಿಂತಿರುತ್ತೆ. ಅದಕ್ಕೆ ಎರಡು ಹಂತದ ಫೆನ್ಸಿಂಗ್ ಇಡಿ: ಮೊದಲು ಚಿಪ್, ಅದು ಉತ್ತರಿಸದಿದ್ದರೆ ಸ್ಕಸಿ ಕೀಲಿ ಅಥವಾ ಸ್ವಿಚ್ ಮಾಡಬಹುದಾದ ಪವರ್ ಸ್ಟ್ರಿಪ್.

ಎಷ್ಟೋ ಟ್ಯುಟೋರಿಯಲ್‌ಗಳಲ್ಲಿ ಮೊದಲ ಕಮಾಂಡೇ ಸ್ಟೋನಿತ್ ಆಫ್ ಮಾಡೋದು. ಲ್ಯಾಪ್‌ಟಾಪ್ ಮೇಲೆ ಕಲಿಯೋಕೆ ಸರಿ. ನಿಜವಾದ ಶೇರ್ಡ್ ಡಿಸ್ಕ್ ಇರೋ ಜಾಗದಲ್ಲಿ ಅದನ್ನು ಆಫ್ ಮಾಡೋದಾದರೆ ಕ್ಲಸ್ಟರ್ ಕಟ್ಟೋದೇ ಬೇಡ. ಒಂದೇ ಸರ್ವರ್ ಮತ್ತು ಒಳ್ಳೆ ಬ್ಯಾಕಪ್ ಅದಕ್ಕಿಂತ ಎಷ್ಟೋ ವಾಸಿ.

ಕೋರಮ್ ಬಗ್ಗೆ ಚಿಕ್ಕದಾಗಿ. ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರೋ ಗುಂಪು ಮಾತ್ರ ಮುಂದುವರೀಬೇಕು ಅನ್ನೋದು ನಿಯಮ. ಎರಡೇ ನೋಡ್ ಇದ್ದು ಬೇರೆಯಾದರೆ ಎರಡೂ ಕಡೆ ಒಂದೊಂದು ಮತ, ಯಾರಿಗೂ ಬಹುಮತ ಇಲ್ಲ. ಮೂರನೇ ಮತ ಬೇಕು. ವಿಂಡೋಸ್‌ನಲ್ಲಿ ಸಣ್ಣದೊಂದು ಸಾಕ್ಷಿ ಡಿಸ್ಕ್ ಇಡ್ತಾರೆ, 512 ಎಂಬಿ ಇದ್ದರೂ ಸಾಕು. ಲಿನಕ್ಸ್‌ನಲ್ಲಿ ಬೇರೆ ಯಂತ್ರದಲ್ಲಿ ಕೋರಮ್ ಡಿವೈಸ್ ಓಡಿಸಬಹುದು. ಎರಡೇ ನೋಡ್‌ನಲ್ಲಿ ಸಂಭಾಳಿಸ್ತೀನಿ ಅಂದರೆ ಒಂದು ನೋಡ್‌ನ ಫೆನ್ಸಿಂಗ್‌ಗೆ ಕೆಲವು ಸೆಕೆಂಡ್ ತಡ ಇಡಿ, ಇಲ್ಲದಿದ್ರೆ ಕೇಬಲ್ ಕಡಿದ ಕ್ಷಣ ಎರಡೂ ಒಂದನ್ನೊಂದು ಆಫ್ ಮಾಡಿ ಕೂರುತ್ತವೆ.

ಕಟ್ಟಿದ ಮೇಲೆ ಪರೀಕ್ಷೆ. ಭಾನುವಾರ ಹೋಗಿ, ನಿಜವಾಗಿ ಕೇಬಲ್ ಕೀಳಿ. ಮೊದಲು ಡಿಸ್ಕ್‌ನ ಒಂದು ದಾರಿ: ಯಾರಿಗೂ ಗೊತ್ತಾಗಬಾರದು. ಆಮೇಲೆ ಆ ಸರ್ವರ್‌ನ ಎಲ್ಲ ದಾರಿ: ಕೆಲಸ ಪಕ್ಕಕ್ಕೆ ಹೋಗಬೇಕು. ಆಮೇಲೆ ಹಾರ್ಟ್‌ಬೀಟ್ ಕೇಬಲ್: ಒಂದೇ ನೋಡ್ ಆಫ್ ಆಗಬೇಕು, ಎರಡೂ ಅಲ್ಲ. ಕೊನೆಗೆ ಓಡ್ತಾ ಇರೋ ಸರ್ವರ್‌ನ ಎರಡೂ ಪವರ್ ವೈರ್. ಮ್ಯಾನೇಜ್‌ಮೆಂಟ್ ಚಿಪ್‌ನ ಕೊಂಕು ಹೊರಗೆ ಬರೋದು ಈ ಕೊನೆಯ ಪರೀಕ್ಷೆಯಲ್ಲೇ, ಬಹಳ ಜನ ಬಿಟ್ಟುಬಿಡೋದೂ ಇದನ್ನೇ. ಪ್ರತಿ ಸಲ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದಿಡಿ.

ಇಷ್ಟಾದರೂ ಸ್ಟೋರೇಜ್ ಬಾಕ್ಸ್ ಒಂದೇ, ಅದಿರೋ ಕೋಣೆ ಒಂದೇ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ಮಳೆಗೆ ಅಂಬತ್ತೂರು ಎಸ್ಟೇಟ್‌ಗೆ ನೀರು ನುಗ್ಗಿತ್ತು. ನೆಲಮಹಡಿಯ ರ‍್ಯಾಕ್‌ನಲ್ಲಿ ಎರಡು ಸರ್ವರ್ ಇದ್ದರೂ ನಾಲ್ಕಿದ್ದರೂ ನೀರಿಗೆ ಒಂದೇ. ಹಾಗಾದರೆ ಬೆಂಗಳೂರಲ್ಲೊಂದು ಪ್ರತಿ ಇಟ್ಟು, ಎರಡೂ ಕಡೆ ಒಟ್ಟಿಗೇ ಬರೆದರೆ? ಫೈಬರ್‌ನಲ್ಲಿ ಬೆಳಕಿಗೆ ಕಿಲೋಮೀಟರಿಗೆ ಸುಮಾರು 5 ಮೈಕ್ರೋಸೆಕೆಂಡ್ ಬೇಕು. 350 ಕಿಲೋಮೀಟರ್ ಕೇಬಲ್ ಅಂದುಕೊಂಡರೂ ಹೋಗಿ ಬರೋಕೆ 3.5 ಮಿಲಿಸೆಕೆಂಡ್, ಅದೂ ನಡುವಿನ ಸಲಕರಣೆಗಳ ತಡ ಬಿಟ್ಟು. ಪಕ್ಕದ ಫ್ಲ್ಯಾಶ್ ಸ್ಟೋರೇಜ್‌ಗೆ ಒಂದು ಮಿಲಿಸೆಕೆಂಡಿನೊಳಗೆ ಮುಗಿಯೋ ಪ್ರತಿ ಬರಹವೂ ಅಷ್ಟು ಕಾಯಬೇಕು. ಡೇಟಾಬೇಸ್‌ಗೆ ಇದು ತಡೆಯಲ್ಲ. ಹಾಗಾಗಿ ದೂರದ ಪ್ರತಿ ಸ್ವಲ್ಪ ಹಿಂದೆ ಬೀಳೋ ಥರ ಕಳಿಸಿ, ಎಷ್ಟು ನಿಮಿಷದ ಲೆಕ್ಕ ಹೋದರೆ ಪರವಾಗಿಲ್ಲ ಅಂತ ಮಾಲೀಕರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಬ್ಯಾಕಪ್ ಬೇರೆ, ಅದನ್ನು ಶೇರ್ಡ್ ಡಿಸ್ಕ್ ಮೇಲೇ ಇಡಬೇಡಿ.

ಕೊನೆಗೆ, ಕರೆಂಟ್ ಹೋದಾಗಿನ ಕ್ರಮ. ಯುಪಿಎಸ್ ಬ್ಯಾಟರಿ ಮುಗೀತಾ ಬಂದರೆ ಮೊದಲು ಕ್ಲಸ್ಟರನ್ನು ನಿಲ್ಲಿಸಿ ಎರಡೂ ಸರ್ವರ್ ಇಳಿಸಿ, ಆಮೇಲೆ ಸ್ಟೋರೇಜ್, ಕೊನೆಗೆ ಸ್ವಿಚ್. ಕರೆಂಟ್ ಬಂದಾಗ ಇದರ ಉಲ್ಟಾ: ಸ್ವಿಚ್ ಹಾಕಿ, ಸ್ಟೋರೇಜ್ ಹಾಕಿ, ಅದರ ಎರಡೂ ಕಂಟ್ರೋಲರ್ ಪೂರ್ತಿ ಮೇಲೆದ್ದಿವೆ ಅಂತ ನೋಡಿ, ಆಮೇಲೆ ಸರ್ವರ್ ಒಂದೊಂದಾಗಿ. ಇದನ್ನು ದೊಡ್ಡಕ್ಷರದಲ್ಲಿ ಒಂದು ಹಾಳೆಯಲ್ಲಿ ಬರೆದು ರ‍್ಯಾಕ್‌ನ ಬಾಗಿಲಿಗೆ ಅಂಟಿಸಿ, ಕನ್ನಡ, ತಮಿಳು, ಹಿಂದಿ, ರಾತ್ರಿ ಪಾಳಿಯವರಿಗೆ ಯಾವುದು ಬರುತ್ತೋ ಅದರಲ್ಲಿ. ಫೈಲ್ ಮಾಡಿ ಸರ್ವರ್‌ನೊಳಗೇ ಇಟ್ಟರೆ ಬೇಕಾದ ಹೊತ್ತಿಗೆ ಅದು ಸಿಗೋದಿಲ್ಲ.